ಕಂಪ್ಯೂಟರ್ ಪೆಟ್ಟಿಗೆ ಚಿಕ್ಕದಿರಬೇಕು, ನಾಳೆ ಗ್ರಾಫಿಕ್ಸ್ ಕಾರ್ಡ್ ಬದಲಿಸಲೂ ಆಗಬೇಕು: ಈ ಪಟ್ಟಿ ಸರಿ ಇದೆಯಾ?

ಕಲಬುರಗಿ_ಬಿಸಿಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರು ಕಲಬುರಗಿ, ಈಗ ಇರುವುದು ಬೆಂಗಳೂರಿನ ಬಿಟಿಎಂ ಲೇಔಟ್‌ನ ಒಂದು ಪಿಜಿಯಲ್ಲಿ. ಇಬ್ಬರಿಗೆ ಒಂದು ರೂಮು. ನನ್ನ ಪಾಲಿಗೆ ಬಂದಿರುವುದು ಒಂದು ಮಂಚ, ಅರ್ಧ ಬೀರು, ಎರಡೂವರೆ ಅಡಿ ಅಗಲದ ಒಂದು ಟೇಬಲ್. ಅದರ ಮೇಲೆ ಮಾನಿಟರ್ ಇಟ್ಟ ಮೇಲೆ ಊಟದ ತಟ್ಟೆ ಇಡುವಷ್ಟು ಜಾಗ ಉಳಿಯುತ್ತದೆ, ಅಷ್ಟೆ.

ಸದ್ಯ ಆಡುತ್ತಿರುವುದು ಜಿಟಿಎಕ್ಸ್ 1650 ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ನಲ್ಲಿ. ಐದು ವರ್ಷ ಹಳೆಯದು. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಫ್ಯಾನ್ ಕೂಗಲು ಶುರು ಮಾಡುತ್ತದೆ. ರೂಮ್‌ಮೇಟ್ "ಮಿಕ್ಸಿ ಆಫ್ ಮಾಡೋ" ಅನ್ನುತ್ತಾನೆ. ಇನ್ನು ಲ್ಯಾಪ್‌ಟಾಪ್ ಸಹವಾಸ ಸಾಕು, ಡೆಸ್ಕ್‌ಟಾಪ್ ಜೋಡಿಸೋಣ ಅಂತ ತೀರ್ಮಾನ ಮಾಡಿದ್ದೇನೆ.

ಒಂದು ತೊಡಕು ಇದೆ. ವರ್ಷಕ್ಕೆ ಮೂರು ನಾಲ್ಕು ಸಲ ಊರಿಗೆ ಹೋಗಿ ಎರಡೆರಡು ವಾರ ಅಲ್ಲಿಂದಲೇ ಆಫೀಸ್ ಕೆಲಸ ಮಾಡುತ್ತೇನೆ. ಆಗ ಕಂಪ್ಯೂಟರನ್ನೂ ರೈಲಿನಲ್ಲಿ ಒಯ್ಯಬೇಕು. ಸೀಟಿನ ಕೆಳಗೆ ಕೂರಬೇಕು. ಊರಲ್ಲಿ ಹಳೇ ಮಾನಿಟರ್ ಒಂದಿದೆ.

ಮಾನಿಟರ್, ಕೀಬೋರ್ಡ್ ಬಿಟ್ಟು ಕೈಯಲ್ಲಿರುವುದು 1 ಲಕ್ಷ. ಎಳೆದಾಡಿದರೆ ಇನ್ನೊಂದು ಹತ್ತು ಸಾವಿರ ಹೊಂದಿಸಬಹುದು. ಈಗ 1080ಪಿಯಲ್ಲಿ ಆಡುತ್ತೇನೆ, ಎರಡು ವರ್ಷ ಬಿಟ್ಟು 1440ಪಿಗೆ (ಇನ್ನೂ ಸ್ಪಷ್ಟ ಚಿತ್ರದ ಸ್ಕ್ರೀನ್‌ಗೆ) ಹೋಗುವ ಆಸೆ. ಆಗ ಇಡೀ ಡಬ್ಬಿ ಬಿಸಾಡದೆ ಒಂದೆರಡು ಭಾಗ ಮಾತ್ರ ಬದಲಿಸುವಂತಿರಬೇಕು.

ನಾನು ಬರೆದುಕೊಂಡಿರುವ ಪಟ್ಟಿ: ಇಂಟೆಲ್ ಐ5 12400ಎಫ್ ಪ್ರೊಸೆಸರ್, ಎಚ್610 ಚಿಪ್‌ಸೆಟ್‌ನ ಐಟಿಎಕ್ಸ್ (ಚಿಕ್ಕ ಸೈಜಿನ) ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಆರ್‌ಟಿಎಕ್ಸ್ 5060 ಕಾರ್ಡ್, 1 ಟಿಬಿ ಎಸ್‌ಎಸ್‌ಡಿ, 450 ವ್ಯಾಟ್ ಎಸ್‌ಎಫ್‌ಎಕ್ಸ್ (ಚಿಕ್ಕ ಸೈಜಿನ) ಪವರ್ ಸಪ್ಲೈ, ಮತ್ತು ಆನ್‌ಲೈನಲ್ಲಿ ನೋಡಿ ಮರುಳಾದ ಒಂದು 7 ಲೀಟರ್ ಪೆಟ್ಟಿಗೆ. ಇದೇ ಮೊದಲ ಸಲ ಜೋಡಿಸುತ್ತಿರುವುದು. ತಪ್ಪಿದ್ದರೆ ಬೈದು ಹೇಳಿ, ಬೇಜಾರಿಲ್ಲ.

---

ನೇರಮಾತು:

ಐಟಿಎಕ್ಸ್ ಯಾಕೆ ಗುರು? ಅದೇ ಚಿಪ್‌ಸೆಟ್‌ನ, ಒಂದು ಸೈಜ್ ದೊಡ್ಡದಾದ ಮೈಕ್ರೋ ಎಟಿಎಕ್ಸ್ ಬೋರ್ಡ್ ಕಡಿಮೆ ದುಡ್ಡಿಗೆ ಸಿಗುತ್ತದೆ. ಏಸಸ್ ಎಪಿ201 ಥರದ 33 ಲೀಟರ್ ಪೆಟ್ಟಿಗೆ ತಗೊಳ್ಳಿ. ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈ ಕೂರುತ್ತದೆ, 338 ಮಿ.ಮೀ. ಉದ್ದದ ಕಾರ್ಡ್ ಕೂರುತ್ತದೆ. ಉಳಿದ ದುಡ್ಡನ್ನು ಕಾರ್ಡ್‌ಗೆ ಹಾಕಿ. ಚಿಕ್ಕದು ಬೇಕು ಅನ್ನುವ ಆಸೆಗೆ ಸುಮ್ನೆ ಹತ್ತು ಸಾವಿರ ತೆರಿಗೆ ಕಟ್ಟಿದ ಹಾಗೆ.

---

ಕಲಬುರಗಿ_ಬಿಸಿಲು:

ಅಣ್ಣಾ, ನಿಮ್ಮ ಲೆಕ್ಕ ಸರಿ. ಆದರೆ 33 ಲೀಟರ್ ಪೆಟ್ಟಿಗೆ ಹೊತ್ತುಕೊಂಡು ನಾನು ರೈಲು ಹತ್ತುವುದನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಜೊತೆಗೆ ಅಮ್ಮ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬ್ಯಾಗು ಬೇರೆ.

---

ಹಲ್ಲಿ_ಹೊಕ್ಕ_ಡಬ್ಬಿ:

ನಿಮ್ಮ ಪಟ್ಟಿ ನೋಡಿದ ಕೂಡಲೇ ನನ್ನ 2021ರ ಕಥೆ ನೆನಪಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಾನೂ ನಿಮ್ಮ ಹಾಗೇ ಏಳು ಲೀಟರ್ ಚಿಲ್ಲರೆಯ ಪೆಟ್ಟಿಗೆಗೆ ಮನಸೋತಿದ್ದೆ. ಒಳಗೆ ನಡುವೆ ಒಂದು ತಗಡಿನ ಗೋಡೆ. ಒಂದು ಕಡೆ ಬೋರ್ಡ್, ಇನ್ನೊಂದು ಕಡೆ ಕಾರ್ಡ್, ಎರಡನ್ನೂ ಸೇರಿಸಲು ರೈಸರ್ ಕೇಬಲ್. ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ. ಹೆಂಡತಿ ಮಾತ್ರ "ಈ ದುಡ್ಡಿಗೆ ಫ್ರಿಜ್ ಬರುತ್ತಿತ್ತು" ಅಂದು ಸುಮ್ಮನಾದಳು.

2023ರ ಕೊನೆಗೆ ಕಾರ್ಡ್ ಬದಲಿಸಲು ಹೊರಟೆ. ಜಾಣನ ಹಾಗೆ ಉದ್ದ ನೋಡಿಕೊಂಡೆ. ಪೆಟ್ಟಿಗೆಯಲ್ಲಿ 29 ಸೆಂ.ಮೀ. ಜಾಗ ಇತ್ತು, ಕಾರ್ಡ್ 25. ತಂದು ಕೂರಿಸಿದರೆ ಪಕ್ಕದ ಬಾಗಿಲು ಮುಚ್ಚುತ್ತಿಲ್ಲ! ದಪ್ಪ ನೋಡಿರಲೇ ಇಲ್ಲ. ಆ ಪೆಟ್ಟಿಗೆಗೆ ಎರಡು ಸ್ಲಾಟ್ ದಪ್ಪದ ಕಾರ್ಡ್ ಮಾತ್ರ ಕೂರುತ್ತದೆ, ಅಂದರೆ ಸುಮಾರು 40 ಮಿ.ಮೀ. ನನ್ನ ಹೊಸ ಕಾರ್ಡ್ 50 ಮಿ.ಮೀ. ಒಂದು ಸೆಂಟಿಮೀಟರ್‌ಗೆ ಕೈ ಕೊಟ್ಟಿತು. ಸೀಲ್ ಒಡೆದದ್ದಕ್ಕೆ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಬಾಗಿಲು ತೆಗೆದಿಟ್ಟೇ ಎರಡು ತಿಂಗಳು ಓಡಿಸಿದೆ. ಒಂದು ರಾತ್ರಿ ಒಳಗೆ ಹಲ್ಲಿ ಹೊಕ್ಕಿತು. ನನ್ನ ಇಲ್ಲಿನ ಹೆಸರು ಅಲ್ಲಿಂದ ಬಂದದ್ದು. ಹಲ್ಲಿ ಬದುಕಿತು, ಫ್ಯಾನ್ ಬದುಕಲಿಲ್ಲ. ಕೊನೆಗೆ ಪೆಟ್ಟಿಗೆಯನ್ನೂ ಪ್ರೊಸೆಸರ್ ತಣ್ಣಗಿಡಲು ಅದಕ್ಕೆಂದೇ ತಂದಿದ್ದ ಕುಳ್ಳ ಕೂಲರನ್ನೂ ಅರ್ಧ ಬೆಲೆಗೆ ಮಾರಿದೆ.

ಆದರೆ ಅದೇ ಕಂಪ್ಯೂಟರ್‌ನ ಬೋರ್ಡ್ ನನ್ನನ್ನು ಕೈಬಿಡಲಿಲ್ಲ. ಅದು 2019ರಲ್ಲಿ ರೈಜೆನ್ 5 3600 ಜೊತೆ ತಂದ ಬಿ450 ಐಟಿಎಕ್ಸ್. 2024ರಲ್ಲಿ ಬಯಾಸ್ (ಬೋರ್ಡ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅದೇ ಬೋರ್ಡ್‌ಗೆ 5700ಎಕ್ಸ್3ಡಿ ಹಾಕಿದೆ. ಹಳೇ ಪ್ರೊಸೆಸರ್ ತೆಗೆ, ಹೊಸದು ಇಡು, ಪೇಸ್ಟ್ ಹಚ್ಚು, ಸ್ಕ್ರೂ ಬಿಗಿ ಮಾಡು. ಒಂದು ಗಂಟೆಯ ಕೆಲಸ. ರ‍್ಯಾಮ್ ಸಹ ಅದೇ.

ಹಾಗಾಗಿ ನನ್ನ ಲೆಕ್ಕ ಏನೆಂದರೆ, ಅಪ್‌ಗ್ರೇಡ್ ಆಗುತ್ತದೋ ಇಲ್ಲವೋ ಅನ್ನುವುದು ಕಾರ್ಡ್‌ನ ಕೈಯಲ್ಲಿಲ್ಲ. ಪೆಟ್ಟಿಗೆ, ಪವರ್ ಸಪ್ಲೈ, ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್, ಈ ಮೂರರ ಕೈಯಲ್ಲಿದೆ. ನೀವು ಈ ಮೂರರಲ್ಲೂ ಹಿಡಿದು ಖರ್ಚು ಮಾಡಿದ್ದೀರಿ.

ಮೊದಲು ಪೆಟ್ಟಿಗೆ. ಏಳು ಲೀಟರ್ ಬೇಡ. ಹತ್ತು ಲೀಟರ್‌ನವೂ ಚೆನ್ನಾಗಿಯೇ ಇರುತ್ತವೆ, ಆದರೆ ಅಲ್ಲಿ ಎಲ್ಲಕ್ಕೂ ಚೌಕಾಸಿ ಇರುತ್ತದೆ. ಫ್ರ್ಯಾಕ್ಟಲ್ ಟೆರ್ರಾ ಅಂತ ಒಂದಿದೆ, 10.4 ಲೀಟರ್. ಒಳಗಿನ ಗೋಡೆಯನ್ನು ಅತ್ತಿತ್ತ ಸರಿಸಬಹುದು. ಕಾರ್ಡ್‌ಗೆ 72 ಮಿ.ಮೀ. ದಪ್ಪ ಬಿಟ್ಟುಕೊಟ್ಟರೆ ಕೂಲರ್‌ಗೆ 48 ಮಿ.ಮೀ. ಎತ್ತರ ಉಳಿಯುತ್ತದೆ. ಕೂಲರ್‌ಗೆ 77 ಕೊಟ್ಟರೆ ಕಾರ್ಡ್‌ಗೆ 43. ಅಣ್ಣತಮ್ಮಂದಿರ ಹೊಲದ ಬದುವಿನ ಹಾಗೆ, ಒಬ್ಬನ ಕಡೆಗೆ ಸರಿದರೆ ಇನ್ನೊಬ್ಬನಿಗೆ ಕಡಿಮೆ. ಮೊದಲ ಸಲ ಜೋಡಿಸುವವರಿಗೆ ಈ ತಲೆನೋವು ಬೇಡ.

ನಿಮಗೆ ಕೂಲರ್ ಮಾಸ್ಟರ್ ಎನ್‌ಆರ್200 ಸಾಕು. 2020ರಲ್ಲಿ ಬಂದದ್ದು, 18.25 ಲೀಟರ್. ಫೋಟೋದಲ್ಲಿ ಅಷ್ಟೇನೂ ಚಂದ ಕಾಣುವುದಿಲ್ಲ, ನಿಜ. ಆದರೆ ಮೂರು ಸ್ಲಾಟ್ ದಪ್ಪದ, 330 ಮಿ.ಮೀ. ಉದ್ದದ ಕಾರ್ಡ್ ಕೂರುತ್ತದೆ. ತೂತಿನ ಬಾಗಿಲು ಹಾಕಿದರೆ 155 ಮಿ.ಮೀ. ಎತ್ತರದ ಟವರ್ ಕೂಲರ್ ಸಹ ಕೂರುತ್ತದೆ. ರೈಸರ್ ಕೇಬಲ್ ಇಲ್ಲದೆ ಕಾರ್ಡ್ ನೇರವಾಗಿ ಬೋರ್ಡ್‌ಗೇ ಹೋಗುತ್ತದೆ, ಕೆಡುವ ಭಾಗ ಒಂದು ಕಡಿಮೆ. ನಿಮ್ಮ ಕಲಬುರಗಿಯ ಏಪ್ರಿಲ್‌ಗೆ ಗಾಜಿನ ಬಾಗಿಲು ಬೇಡವೇ ಬೇಡ.

ಇನ್ನು ಸಾಕೆಟ್. 12400ಎಫ್ ಕೆಟ್ಟ ಪ್ರೊಸೆಸರ್ ಅಲ್ಲ. ಆದರೆ ಅದು ಕೂರುವ ಎಲ್‌ಜಿಎ1700 ಸಾಕೆಟ್ 12, 13, 14ನೇ ಪೀಳಿಗೆಗೆ ಮುಗಿಯಿತು. 2024ರಲ್ಲಿ ಇಂಟೆಲ್ ಹೊಸ ಸಾಕೆಟ್‌ಗೆ ಹೋಗಿಬಿಟ್ಟಿತು. ಜೊತೆಗೆ ಎಚ್610 ಬೋರ್ಡ್ ತೀರಾ ಬಡಪಾಯಿ, ಅದರ ಮೇಲೆ ದೊಡ್ಡ ಐ7 ಕೂರಿಸಿದರೆ ಏದುಸಿರು ಬಿಡುತ್ತದೆ. ಎಎಂಡಿಯ ಎಎಂ5 ಕಡೆ ಬನ್ನಿ. 2022ರಲ್ಲಿ ಬಂದ ಸಾಕೆಟ್ ಅದು. 2027 ಮತ್ತು ಅದರಾಚೆಗೂ ನಡೆಸುತ್ತೇವೆ ಅಂತ ಎಎಂಡಿ ಹೇಳಿದೆ. ಇವತ್ತು ರೈಜೆನ್ 5 7600, ನಾಲ್ಕು ವರ್ಷ ಬಿಟ್ಟು ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು 9800ಎಕ್ಸ್3ಡಿ. ಬೋರ್ಡ್ ಬಿ650 ಐಟಿಎಕ್ಸ್ ಸಾಕು. ದುಬಾರಿ ಅನ್ನಿಸುತ್ತದೆ, ಹಲ್ಲು ಕಚ್ಚಿಕೊಂಡು ತಗೊಳ್ಳಿ.

ಅಂಗಡಿಯಲ್ಲಿ "ಸರ್, 7500ಎಫ್ ತಗೊಳ್ಳಿ, ಕಡಿಮೆ ಆಗುತ್ತೆ" ಅಂತ ಹೇಳಿಯೇ ಹೇಳುತ್ತಾರೆ. ಬೇರೆ ಯಾರಿಗಾದರೂ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಆ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. 7600ದಲ್ಲಿ ಚಿಕ್ಕದೊಂದು ಇದೆ. ಆಟಕ್ಕೆ ಬಾರದು, ಆಫೀಸ್ ಕೆಲಸಕ್ಕೆ ಧಾರಾಳ. ಊರಿಗೆ ಹೋಗುವಾಗ ಕಾರ್ಡನ್ನು ಬಿಚ್ಚಿ ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟು ಬರೀ ಪೆಟ್ಟಿಗೆ ಒಯ್ಯಿರಿ. ಭಾರ ಇಳಿಯುತ್ತದೆ. ರೈಲಿನ ಕುಲುಕಾಟಕ್ಕೆ ಕಾರ್ಡ್‌ನ ಸ್ಲಾಟ್ ಮುರಿಯುವ ಭಯವೂ ಇಲ್ಲ.

ಪವರ್ ಸಪ್ಲೈ 450 ಬೇಡ, 750 ವ್ಯಾಟ್‌ನ ಎಸ್‌ಎಫ್‌ಎಕ್ಸ್ ತಗೊಳ್ಳಿ. ಆರ್‌ಟಿಎಕ್ಸ್ 5060 ಎಳೆಯುವುದು 145 ವ್ಯಾಟ್, ಈಗ ಜಾಸ್ತಿ ಅನ್ನಿಸುತ್ತದೆ. ನಾಳೆ 300 ವ್ಯಾಟ್ ಕಾರ್ಡ್ ತಂದಾಗ ನನ್ನನ್ನು ನೆನೆಸಿಕೊಳ್ಳುತ್ತೀರಿ. ಎಸ್‌ಎಫ್‌ಎಕ್ಸ್ ಪೆಟ್ಟಿಗೆಗೆ ಎಟಿಎಕ್ಸ್ ಸಪ್ಲೈ ಹೋಗುವುದಿಲ್ಲ. ಎಸ್‌ಎಫ್‌ಎಕ್ಸ್ ಮಾತ್ರ ಒಂದು ತಗಡಿನ ಪಟ್ಟಿ ಹಾಕಿದರೆ ದೊಡ್ಡ ಪೆಟ್ಟಿಗೆಗೂ ಕೂರುತ್ತದೆ. ಮುಂದೆ ಮದುವೆಯಾಗಿ ದೊಡ್ಡ ಮನೆ ಮಾಡಿ ದೊಡ್ಡ ಡಬ್ಬಿ ತಂದರೂ ಅದು ಜೊತೆಗೇ ಬರುತ್ತದೆ.

ಕಾರ್ಡ್ ವಿಷಯಕ್ಕೆ ಒಂದೇ ಮಾತು. 1440ಪಿ ತಲೆಯಲ್ಲಿದ್ದರೆ 5060 ಥರದ 8 ಜಿಬಿ ಮೆಮೊರಿಯ ಕಾರ್ಡ್‌ಗೆ ದುಡ್ಡು ಹಾಕಬೇಡಿ. ಆರ್‌ಎಕ್ಸ್ 9060 ಎಕ್ಸ್‌ಟಿಯಲ್ಲಿ 16 ಜಿಬಿಯದು ಇದೆ, 160 ವ್ಯಾಟ್. ಅದೇ ಹೆಸರಲ್ಲಿ 8 ಜಿಬಿಯದೂ ಇದೆ, ಡಬ್ಬಿ ಮೇಲೆ ಎರಡು ಸಲ ಓದಿ.

---

ನೇರಮಾತು:

7600 ಒಳ್ಳೆಯದೇ. ಆದರೆ ಅದಕ್ಕೆ ಬೇಕಾದ ಡಿಡಿಆರ್5 ರ‍್ಯಾಮ್ ಬೆಲೆ ನೋಡಿದ್ದೀರಾ? 2025ರ ಅಕ್ಟೋಬರ್‌ನಿಂದ ಆಚೆಗೆ ಹುಚ್ಚು ಹಿಡಿದ ಹಾಗೆ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೇ ಮೆಮೊರಿ ಚಿಪ್ ಹೋಗುತ್ತಿದೆ. ಕ್ರೂಷಿಯಲ್ ಹೆಸರಲ್ಲಿ ನಮ್ಮಂಥವರಿಗೆ ಮಾರುವುದನ್ನೇ ನಿಲ್ಲಿಸುತ್ತೇವೆ ಅಂತ ಮೆಮೊರಿ ತಯಾರಿಸುವ ಮೈಕ್ರಾನ್ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿತು. ಕಲಬುರಗಿಯವರ ಡಿಡಿಆರ್4 ಯೋಚನೆಯಲ್ಲೂ ಅರ್ಥ ಇದೆ ಅಂತ ನನಗನ್ನಿಸುತ್ತದೆ.

---

ಹಲ್ಲಿ_ಹೊಕ್ಕ_ಡಬ್ಬಿ:

ಡಿಡಿಆರ್4 ಏನು ಅಗ್ಗವಾಗಿ ಕೂತಿದೆಯಾ? ಅದೂ ಏರಿದೆ. ಎಎಂ5ಗೆ ಡಿಡಿಆರ್5 ಬಿಟ್ಟು ಬೇರೆ ದಾರಿ ಇಲ್ಲ ಅನ್ನುವುದನ್ನು ಮಾತ್ರ ಒಪ್ಪುತ್ತೇನೆ.

ಇಲ್ಲಿ ನಾನು ಜಿಪುಣತನ ಮಾಡಿ ಅನ್ನುತ್ತೇನೆ. ಐಟಿಎಕ್ಸ್‌ನಲ್ಲಿ ರ‍್ಯಾಮ್ ಸ್ಲಾಟ್ ಇರುವುದೇ ಎರಡು. 8 ಜಿಬಿಯ ಎರಡು ಹಾಕಿದರೆ ನಾಳೆ ಎರಡನ್ನೂ ಕಿತ್ತು ಮಾರಬೇಕು. ಬದಲಿಗೆ 16 ಜಿಬಿಯ ಒಂದೇ ಸ್ಟಿಕ್ ಹಾಕಿ. ಒಂದೇ ಚಾನೆಲ್‌ನಲ್ಲಿ ಓಡಿದರೆ ಆಟದಲ್ಲಿ ಫ್ರೇಮ್ ಇಳಿಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಬೆಲೆ ಇಳಿದ ದಿನ ಅದೇ ಕಂಪನಿಯ ಅದೇ ಮಾಡೆಲ್ ಇನ್ನೊಂದು ತಂದು ಪಕ್ಕಕ್ಕೆ ಸಿಕ್ಕಿಸಬಹುದು. ಡಿಡಿಆರ್5ನಲ್ಲಿ ಬೇರೆ ಬೇರೆ ಸ್ಟಿಕ್ ಜೋಡಿ ಮಾಡಿದರೆ ಒಮ್ಮೊಮ್ಮೆ ಹೇಳಿದ ವೇಗಕ್ಕೆ ಓಡುವುದಿಲ್ಲ, ಅದಕ್ಕೇ ಮಾಡೆಲ್ ನಂಬರ್ ಬರೆದಿಟ್ಟುಕೊಳ್ಳಿ. ದುಡ್ಡು ಹೊಂದಿದರೆ 16 ಜಿಬಿಯ ಜೋಡಿ, 6000 ವೇಗದ್ದು, ಈಗಲೇ ತಗೊಂಡು ಮರೆತುಬಿಡಿ.

ಮರೆತಿದ್ದೆ, ಇನ್ನೊಂದು. ಹಲವು ಐಟಿಎಕ್ಸ್ ಬೋರ್ಡ್‌ಗಳಲ್ಲಿ ಎಸ್‌ಎಸ್‌ಡಿಯ ಎರಡನೇ ಸ್ಲಾಟ್ ಬೋರ್ಡ್‌ನ ಬೆನ್ನಿಗೆ ಇರುತ್ತದೆ. ಬೋರ್ಡ್ ಒಳಗೆ ಕೂರಿಸಿದ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ. ಹಳೇ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ ಮರುಬಳಕೆ ಮಾಡುವುದಿದ್ದರೆ ಅದನ್ನು ಮೊದಲೇ ಹಿಂದುಗಡೆ ಹಾಕಿಬಿಡಿ. ಮುಂದುಗಡೆಯದನ್ನು ಹೊಸದಕ್ಕೆ ಇಟ್ಟುಕೊಳ್ಳಿ, ನಾಳೆ ಬದಲಿಸಲು ಸುಲಭ.

---

ಮೂರನೇ_ಪಿನ್:

ನಾನು ವೈರಿಂಗ್ ಕೆಲಸ ಮಾಡುವವನು. ಭಾಗಗಳ ಬಗ್ಗೆ ಇವರೇ ಚೆನ್ನಾಗಿ ಹೇಳಿದ್ದಾರೆ. ನನ್ನ ಪ್ರಶ್ನೆ ಒಂದೇ: ನಿಮ್ಮ ಪಿಜಿಯ ಪ್ಲಗ್‌ಗೆ ಅರ್ಥಿಂಗ್ ಇದೆಯಾ?

ಎಷ್ಟೋ ಪಿಜಿಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ. ಕಂಪ್ಯೂಟರ್‌ನ ಪವರ್ ಸಪ್ಲೈ ಒಳಗೆ ಲೈನ್‌ನಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಚಿಕ್ಕ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ವೈರ್ ಇಲ್ಲದಿದ್ದರೆ ಅವು 230 ವೋಲ್ಟ್‌ನ ಹೆಚ್ಚುಕಡಿಮೆ ಅರ್ಧದಷ್ಟನ್ನು ತಗಡಿಗೆ ಕೊಡುತ್ತವೆ. ಕರೆಂಟ್ ತೀರಾ ಕಡಿಮೆ, ಆದರೆ ಬರಿಗಾಲಲ್ಲಿ ನಿಂತು ಪೆಟ್ಟಿಗೆ ಮುಟ್ಟಿದರೆ ಜುಮ್ ಅನ್ನುತ್ತದೆ. ಜನ ಕಂಪ್ಯೂಟರ್ ಕೆಟ್ಟಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ. ಅಲ್ಲಿ ಅರ್ಥಿಂಗ್ ಇರುತ್ತದೆ, ಏನೂ ಆಗುವುದಿಲ್ಲ. ವಾಪಸ್ ತಂದರೆ ಮತ್ತೆ ಜುಮ್! ಎಲೆಕ್ಟ್ರಿಷಿಯನ್ ಕರೆದು ಒಮ್ಮೆ ಮೀಟರ್ ಹಿಡಿಸಿ ನೋಡಿ. ಇಲ್ಲದಿದ್ದರೆ ಓನರ್ ಹತ್ತಿರ ಜಗಳ ಆಡಿಯಾದರೂ ವೈರ್ ಎಳೆಸಿ. ಎರಡು ಪಿನ್ ಅಡಾಪ್ಟರ್ ಹಾಕಿ ಮಾತ್ರ ಓಡಿಸಬೇಡಿ.

---

ಕಲಬುರಗಿ_ಬಿಸಿಲು:

ಅಯ್ಯೋ, ಜುಮ್ ಅನ್ನುವ ಕಥೆ ಓದಿ ಎದ್ದು ಹೋಗಿ ಲ್ಯಾಪ್‌ಟಾಪ್ ಮುಟ್ಟಿ ನೋಡಿದೆ. ಚಾರ್ಜ್ ಹಾಕಿದಾಗ ಅದೂ ಸಣ್ಣಗೆ ಜುಮ್ ಅನ್ನುತ್ತದೆ! ನಾನು ಇಷ್ಟು ದಿನ ನನ್ನ ಕೈಗೇ ಏನೋ ಆಗಿದೆ ಅಂದುಕೊಂಡಿದ್ದೆ. ಓನರ್ ಅಂಕಲ್‌ಗೆ ಹೇಳಿದ್ದೇನೆ, "ನೋಡೋಣಪ್ಪಾ" ಅಂದಿದ್ದಾರೆ.

ಹಲ್ಲಿ ಅಣ್ಣಾ, ಎರಡು ಪ್ರಶ್ನೆ. ಬೇಸಿಗೆಯಲ್ಲಿ ನಮ್ಮೂರಲ್ಲಿ 42 ಡಿಗ್ರಿ ದಾಟುತ್ತದೆ, ಮನೆಯಲ್ಲಿ ಎಸಿ ಇಲ್ಲ. 7600 ಜೊತೆ ಬರುವ ಕೂಲರ್ ಸಾಕಾ? ಇನ್ನೊಂದು, ಇಲ್ಲಿನ ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಗಳಲ್ಲಿ ತಗೊಳ್ಳಲಾ, ಆನ್‌ಲೈನಾ?

---

ಹಲ್ಲಿ_ಹೊಕ್ಕ_ಡಬ್ಬಿ:

ಊರಲ್ಲಿ ಕಾರ್ಡ್ ಇಲ್ಲದೆ ಆಫೀಸ್ ಕೆಲಸ ತಾನೇ? ಬಾಕ್ಸ್ ಕೂಲರ್ ಸಾಕು. ಫ್ಯಾನ್ ಎಷ್ಟೇ ತಿರುಗಿದರೂ ರೂಮಿನ ಗಾಳಿಗಿಂತ ತಣ್ಣಗೆ ಮಾಡಲು ಅದಕ್ಕೆ ಆಗುವುದಿಲ್ಲ. ರೂಮು ಹತ್ತು ಡಿಗ್ರಿ ಏರಿದರೆ ಒಳಗೂ ಹೆಚ್ಚುಕಡಿಮೆ ಹತ್ತು ಏರುತ್ತದೆ. ಬಯಾಸ್‌ನಲ್ಲಿ ಇಕೋ ಮೋಡ್ ಅಂತ ಇದೆ. ಅದರಲ್ಲಿ 65 ವ್ಯಾಟ್‌ನ ಪ್ರೊಸೆಸರ್ 45 ವ್ಯಾಟ್‌ಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಅದನ್ನು ಹಾಕಿಕೊಳ್ಳಿ, ಆಫೀಸ್ ಕೆಲಸದಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ದೊಡ್ಡ ಟವರ್ ಕೂಲರ್ ಈಗ ಬೇಡ. ಅದು ಬೋರ್ಡ್‌ಗೆ ನೇತಾಡುವ ಭಾರ, ಪ್ರಯಾಣಕ್ಕೆ ಒಳ್ಳೆಯದಲ್ಲ. ಎಕ್ಸ್3ಡಿ ತಂದ ದಿನ ನೋಡಿದರಾಯಿತು.

ಪೆಟ್ಟಿಗೆ, ಪವರ್ ಸಪ್ಲೈ, ಐಟಿಎಕ್ಸ್ ಬೋರ್ಡ್ ಆನ್‌ಲೈನ್‌ನಲ್ಲೇ ನೋಡಿ. ಎಸ್‌ಪಿ ರೋಡ್‌ನಲ್ಲಿ ಐಟಿಎಕ್ಸ್ ಕೇಳಿದರೆ "ನಾಳೆ ತರಿಸ್ತೀನಿ ಸರ್" ಅಂತಾರೆ, ಆಮೇಲೆ ಕೈಗೆ ಸಿಕ್ಕಿದ್ದನ್ನು ದಾಟಿಸಲು ನೋಡುತ್ತಾರೆ. ಕಾರ್ಡ್, ರ‍್ಯಾಮ್, ಎಸ್‌ಎಸ್‌ಡಿ ಅಲ್ಲಿ ನಾಲ್ಕು ಅಂಗಡಿ ತಿರುಗಿ ಕೇಳಿ. ಜಿಎಸ್‌ಟಿ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ. ಜೇಬಲ್ಲಿ ಟೇಲರ್ ಟೇಪ್ ಇರಲಿ. ಕಾರ್ಡ್‌ನ ದಪ್ಪ ನೋಡಿ. ಕರೆಂಟ್ ಕೇಬಲ್ ಸಿಕ್ಕಿಸುವ ಕಡೆ ಅದು ಬಾಗಲು ಇನ್ನೊಂದು ಮೂರು ಬೆರಳು ಜಾಗ ಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊನೆಗೆ, ಮೊದಲ ಸಲ ಆನ್ ಮಾಡಿದಾಗ ಎಎಂ5 ಬೋರ್ಡ್ ರ‍್ಯಾಮ್ ಜೊತೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು. ಸತ್ತುಹೋಯಿತು ಅಂತ ಪ್ಲಗ್ ಕೀಳಬೇಡಿ. ಹೋಗಿ ಟೀ ಕುಡಿದು ಬನ್ನಿ.

---

ಕಲಬುರಗಿ_ಬಿಸಿಲು:

ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಕೊನೆಗೆ ತಗೊಂಡದ್ದು ರೈಜೆನ್ 5 7600, ಬಿ650 ಐಟಿಎಕ್ಸ್, 16 ಜಿಬಿಯ ಒಂದೇ ಸ್ಟಿಕ್, 9060 ಎಕ್ಸ್‌ಟಿ 16 ಜಿಬಿ, 750 ವ್ಯಾಟ್ ಎಸ್‌ಎಫ್‌ಎಕ್ಸ್, ಎನ್‌ಆರ್200. ಹೊಸ ಎಸ್‌ಎಸ್‌ಡಿ ತಗೊಳ್ಳಲಿಲ್ಲ. ಲ್ಯಾಪ್‌ಟಾಪ್‌ನ 512 ಜಿಬಿಯದನ್ನೇ ಬೆನ್ನಿನ ಸ್ಲಾಟ್‌ಗೆ ಹಾಕಿದೆ. ಅಷ್ಟಾದರೂ ಬಜೆಟ್ ದಾಟಿತು. ಎಷ್ಟು ಅಂತ ಅಪ್ಪನಿಗೆ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಎಸ್‌ಪಿ ರೋಡ್‌ನಲ್ಲಿ ಟೇಪ್ ತೆಗೆದು ಕಾರ್ಡ್ ಅಳೆಯುವಾಗ ಅಂಗಡಿಯವರು "ಬ್ಲೌಸ್ ಹೊಲಿಸ್ತೀರಾ ಸರ್" ಅಂತ ಕೇಳಿದರು.

ಜೋಡಿಸಲು ಶನಿವಾರ ಪೂರ್ತಿ ಹೋಯಿತು. ಮುಂದಿನ ಪ್ಯಾನಲ್‌ನ ಚಿಕ್ಕ ವೈರ್‌ಗಳಿಗೇ ಒಂದು ಗಂಟೆ. ಬೆರಳು ದಪ್ಪ ಇರುವವರು ಇಕ್ಕಳ ಇಟ್ಟುಕೊಳ್ಳಿ. ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಕಪ್ಪು. ಹಲ್ಲಿ ಅಣ್ಣನ ಮಾತು ನೆನಪಿದ್ದರೂ ಎರಡು ನಿಮಿಷಕ್ಕೇ ಕೈ ಪ್ಲಗ್ ಹತ್ತಿರ ಹೋಗಿತ್ತು. ರೂಮ್‌ಮೇಟ್ ಕೈ ಹಿಡಿದು ಟೀ ಅಂಗಡಿಗೆ ಎಳೆದುಕೊಂಡು ಹೋದ. ವಾಪಸ್ ಬಂದಾಗ ಬಯಾಸ್ ಬಂದು ಕೂತಿತ್ತು.

ಕಾರ್ಡ್ ಬಿಚ್ಚಿ ಬ್ಯಾಗ್ ತೂಗುವ ತಕ್ಕಡಿಗೆ ನೇತುಹಾಕಿದೆ, ಎಂಟೂವರೆ ಕೆ.ಜಿ. ಹೋದ ಶುಕ್ರವಾರ ರೈಲಿನಲ್ಲಿ ಸೀಟಿನ ಕೆಳಗೆ ಮಲಗಿಸಿದೆ, ಆರಾಮಾಗಿ ಹೋಯಿತು. ಎದುರು ಸೀಟಿನ ಅಜ್ಜಿ ರಾತ್ರಿ ಎರಡು ಸಲ "ಅದರಾಗ ಏನೈತಿ ತಮ್ಮಾ" ಅಂತ ಕೇಳಿದರು. ಕಂಪ್ಯೂಟರ್ ಅಂದೆ. ನಂಬಿದಂತೆ ಕಾಣಲಿಲ್ಲ.

ಪಿಜಿಯ ಅರ್ಥಿಂಗ್ ಇನ್ನೂ "ನೋಡೋಣಪ್ಪಾ" ಹಂತದಲ್ಲೇ ಇದೆ. ಮೂರನೇ_ಪಿನ್ ಅಣ್ಣಾ, ಓನರ್ ಒಪ್ಪಿದರೆ ಒಂದು ಸಾಕೆಟ್‌ಗೆ ವೈರ್ ಎಳೆಯಲು ಸುಮಾರು ಎಷ್ಟು ಖರ್ಚು ಬರುತ್ತದೆ? ಅರ್ಧ ನಾನೇ ಕೊಡುತ್ತೇನೆ ಅಂತ ಹೇಳಿ ನೋಡುತ್ತೇನೆ.